ಟಾರ್ಚುಗಳನ್ನು ಅಳೆಯುತ್ತಿದ್ದವನು

"ಗುರುಗಳೇ, ಇದ್ದದ್ದನ್ನು ಇದ್ದ ಹಾಗೆ ಹೇಳುವವನ ಪಕ್ಕದಲ್ಲಿ ಜನ ಯಾಕೆ ಕೂರುವುದಿಲ್ಲ?" ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಅಡುಗೆಯವನಿಗೆ ಸಾರಿನಲ್ಲಿ ಉಪ್ಪು ಹೆಚ್ಚೆಂದು ಹೇಳಿದ್ದ, ಹೆಚ್ಚೇ ಇತ್ತು. ಹಾಡುವವನಿಗೆ ಶ್ರುತಿ ತಪ್ಪುತ್ತದೆಂದು ಹೇಳಿದ್ದ, ತಪ್ಪುತ್ತಲೇ ಇತ್ತು. ಈಗ ಊಟದ ಪಂಕ್ತಿಯಲ್ಲಿ ಅವನ ಎಡಕ್ಕೊಂದು, ಬಲಕ್ಕೊಂದು ಜಾಗ ಖಾಲಿ ಉಳಿಯುತ್ತಿತ್ತು. ಬಡಿಸುವವನು ಎಲ್ಲರಿಗೂ ಇನ್ನಷ್ಟು ಬೇಕೇ ಎಂದು ಕೇಳಿ, ಅವನ ಎಲೆಯ ಮುಂದೆ ಮಾತಿಲ್ಲದೆ ಸಾಗುತ್ತಿದ್ದ. ಹೀಗೇ ನಡೆದರೆ ಮಠ ಬಿಡುವುದೆಂದು ಅಡವಯ್ಯ ನಿಶ್ಚಯಿಸಿದ್ದ.

ಗುರುಗಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಿಕ್ಕುವುದನ್ನು ನಿಲ್ಲಿಸದೆ ಈ ಕತೆ ಹೇಳಿದರು.

ಒಂದು ಊರಿನ ಕಾಲೇಜಿನಲ್ಲಿ ಒಬ್ಬ ಲ್ಯಾಬ್ ಅಟೆಂಡರ್ ಇದ್ದ. ಮದುವೆಯಾಗಿರಲಿಲ್ಲ. ಮಹಡಿಯ ಮೇಲೆ ಒಂದು ಬಾಡಿಗೆ ಕೋಣೆ. ಅವನಿಗೆ ಇದ್ದದ್ದು ಒಂದೇ ಹವ್ಯಾಸ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಎಲ್‌ಇಡಿ ಟಾರ್ಚುಗಳನ್ನು ತಂದು ಅಳೆಯುತ್ತಿದ್ದ, ಬಿಚ್ಚುತ್ತಿದ್ದ, ತಿದ್ದುತ್ತಿದ್ದ.

ಡಬ್ಬಿಯ ಮೇಲೆ ಎರಡು ಕಿಲೋಮೀಟರ್ ಬೆಳಕು ಎಂದು ಬರೆದಿರುತ್ತಿತ್ತು. ಬೆಳಕು ಬೀದಿಯ ಕೊನೆಯನ್ನೂ ಮುಟ್ಟುತ್ತಿರಲಿಲ್ಲ. ಬ್ಯಾಟರಿಯ ಮೈಮೇಲೆ ಬರೆದ ಅಂಕಿಯ ಆರನೆಯ ಒಂದು ಪಾಲೂ ಅದರ ಹೊಟ್ಟೆಯೊಳಗೆ ಇರುತ್ತಿರಲಿಲ್ಲ. ಇಂಥ ಸುಳ್ಳು ಸಿಕ್ಕಾಗಲೆಲ್ಲ ಅವನಿಗೆ ಸಮಾಧಾನವಾಗುತ್ತಿತ್ತು. ಲೋಕ ತಾನೆಂದುಕೊಂಡಷ್ಟೇ ಕೆಟ್ಟದ್ದೆಂದು ಖಾತ್ರಿಯಾದರೆ ಕೆಲವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಅವನ ಕೋಣೆಯ ಒಂದು ಗೋಡೆಗೆ ಮೊಳೆ ಇರಲಿಲ್ಲ, ಕ್ಯಾಲೆಂಡರ್ ಇರಲಿಲ್ಲ. ಪ್ರತಿ ದೀಪಾವಳಿಗೆ ಆ ಗೋಡೆಗೆ ಮಾತ್ರ ತಾನೇ ಬಿಳಿ ಬಣ್ಣ ಬಳಿಯುತ್ತಿದ್ದ. ಕಿಟಕಿ ಮುಚ್ಚಿ, ಎಂಟಡಿ ದೂರದ ಮೇಜಿನ ಮೇಲೆ ಟಾರ್ಚು ಇಟ್ಟು ಹೊತ್ತಿಸುವುದು. ಗೋಡೆಯ ಮೇಲೆ ಬೀಳುವ ಬೆಳಕಿನ ನಡುಭಾಗದ ಪ್ರಖರತೆಯನ್ನು ಮೀಟರಿನಿಂದ ಅಳೆಯುವುದು. ಅಂಚು ಹರಿದಿದೆಯೇ, ಬಣ್ಣ ನೀಲಿಗೆ ತಿರುಗಿದೆಯೇ ಎಂದು ನೋಡುವುದು. ದೋಷಗಳನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದು. ಆಮೇಲೆ ಒಂದೊಂದನ್ನೇ ತಿದ್ದಿ ಮತ್ತೆ ಅಳೆಯುವುದು. ಗೋಡೆಯ ಫೋಟೊ ತೆಗೆದು ಮೊಬೈಲಿನ ಒಂದು ಗುಂಪಿಗೆ ಕಳಿಸುತ್ತಿದ್ದ. ಆ ಗುಂಪಿನಲ್ಲಿ ಇನ್ನೂರು ಜನರಿದ್ದರು. ಅವರೂ ತಮ್ಮ ತಮ್ಮ ಗೋಡೆಗಳ ಫೋಟೊ ಕಳಿಸುತ್ತಿದ್ದರು. ಅವನ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಅವನ ಮೆಟ್ಟಿಲು ಹತ್ತಿ ಬಂದಳು. ಊರಾಚೆಯ ಮಲ್ಲಿಗೆ ತೋಟದಲ್ಲಿ ಹೂ ಬಿಡಿಸುವವಳು. ಮಲ್ಲಿಗೆಯನ್ನು ಮೊಗ್ಗು ಅರಳುವ ಮೊದಲೇ ಬಿಡಿಸಬೇಕು. ಆದ್ದರಿಂದ ಅವರು ಬೆಳಗಾಗುವ ಮುಂಚೆ, ತಲೆಗೆ ಟಾರ್ಚು ಕಟ್ಟಿಕೊಂಡು ಸಾಲಿಗೆ ಇಳಿಯುತ್ತಾರೆ. ಅವಳ ಕೈಯಲ್ಲಿ ಅಂಥದೊಂದು ಟಾರ್ಚಿತ್ತು.

"ಟಾರ್ಚಿನ ಮೇಷ್ಟ್ರು ನೀವೇನ್ರಿ? ಅಂಗಡಿಯವ 'ಮ್ಯಾಲ ಒಬ್ಬ ಹುಚ್ಚ ಅದಾನ, ಅವನ ಕಡೆ ಹೋಗು' ಅಂದ."

"ಆ ಹುಚ್ಚ ನಾನೇ. ಇದಕ್ಕೇನಾಗಿದೆ?"

"ಮನಸ್ಸು ಬಂದ್ರ ಹತ್ತತೈತ್ರಿ. ಇಲ್ಲಂದ್ರ ಮ್ಯಾಲ ಒಂದು ಬಡೀಬೇಕು. ಇದಕ್ಕ ಬಡದ ಏಟೆಲ್ಲ ನನ್ನ ಹಣಿಗೇ ಬೀಳತಾವು."

ಅವಳು ನಕ್ಕಳು. ಅವನೂ ನಕ್ಕ. ತನ್ನ ನಗು ಇಷ್ಟು ದೊಡ್ಡದೆಂದು ಅವನಿಗೆ ನೆನಪಿರಲಿಲ್ಲ.

ಹೋಗುವಾಗ ಅವಳು ಎಲೆಯಲ್ಲಿ ಕಟ್ಟಿದ ಮಲ್ಲಿಗೆ ಮೇಜಿನ ಮೇಲಿಟ್ಟು, "ಮನಿಯಾಗ ಅಕ್ಕಾರಿಗೆ ಕೊಡ್ರಿ" ಎಂದಳು. ಅವನು ಆಯಿತೆಂದ. ಮನೆಯಲ್ಲಿ ಅಕ್ಕ ಅನ್ನಿಸಿಕೊಳ್ಳುವವರು ಯಾರೂ ಇರಲಿಲ್ಲ. ಹೂವನ್ನು ನೀರಿನ ಲೋಟದಲ್ಲಿಟ್ಟ. ಕೋಣೆಯಲ್ಲಿ ಎರಡು ದಿನ ಬೇರೆ ಯಾರೋ ಇದ್ದ ಹಾಗಿತ್ತು.

ಅವಳ ಟಾರ್ಚಿನಲ್ಲಿ ಒಂದು ತಂತಿ ಬಿಟ್ಟುಕೊಂಡಿತ್ತು. ಒಂದು ಚುಕ್ಕೆ ಬೆಸುಗೆಯ ಕೆಲಸ. ಅಷ್ಟು ಮಾಡಿ ಕೊಟ್ಟಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳು ಮತ್ತೆ ಬರಬೇಕು, ಬಂದು ಬೆರಗಾಗಬೇಕು, ಆಮೇಲೂ ಆಗಾಗ ಮೆಟ್ಟಿಲು ಹತ್ತಿ ಬರುತ್ತಿರಬೇಕು ಎಂದು ಅವನಿಗೆ ಆಸೆಯಾಯಿತು. ಹಳೆಯ ಎಲ್‌ಇಡಿ ಕಿತ್ತು ಒಳ್ಳೆಯದನ್ನು ಕೂರಿಸಿದ. ಕರೆಂಟು ಸಲೀಸಾಗಿ ಹರಿಯಲೆಂದು ಬ್ಯಾಟರಿ ಒತ್ತುವ ಸ್ಪ್ರಿಂಗಿನ ಮೇಲೆ ತಾಮ್ರದ ತಂತಿ ಬೆಸೆದ. ಮುಂದಿದ್ದ ಮಸುಕು ಪ್ಲಾಸ್ಟಿಕ್ ಮುಚ್ಚಳ ಬೆಳಕನ್ನು ಮೆದುವಾಗಿ ಹರಡುತ್ತ ಅದರ ಐದನೆಯ ಒಂದು ಪಾಲು ನುಂಗುತ್ತಿತ್ತು. ಅದನ್ನು ತೆಗೆದು ತಿಳಿಗಾಜು ಹಾಕಿದ. ಗೋಡೆಯ ಮೇಲೆ ಬಿಟ್ಟು ನೋಡಿದ. ಬೆಳಕು ಮೊದಲಿನ ನಾಲ್ಕು ಪಟ್ಟು, ಅಂಚು ದುಂಡಗೆ, ಎಲ್ಲೂ ಕಲೆಯಿಲ್ಲ. ಪುಸ್ತಕದಲ್ಲಿ ಮೊದಲ ಬಾರಿಗೆ ಒಂದು ಪುಟ ಕೆಂಪು ಶಾಯಿಯಿಲ್ಲದೆ ಉಳಿಯಿತು.

ಅವಳು ಬಂದಳು, ಬೆರಗಾದಳು, ತೆಗೆದುಕೊಂಡು ಹೋದಳು. ಎಂಟು ದಿನಕ್ಕೆ ವಾಪಸ್ಸು ತಂದಳು.

"ಮೊದಲಿನಂಗ ಮಾಡಿಕೊಡ್ರಿ, ಮೇಷ್ಟ್ರೇ."

"ಕೆಟ್ಟಿತೇನು?"

"ಕೆಟ್ಟಿಲ್ರಿ. ಮೊಗ್ಗು ಕಾಣವಲ್ದು. ಬಲಿತದ್ದು ಬೆಳ್ಳಗ, ಎಳೇದು ಹಸರು. ಹಂಗ ನೋಡಿ ಬಿಡಿಸ್ತೀವಿ. ಇದರಾಗ ಎಲ್ಲಾ ಬೆಳ್ಳಗ. ನಾಳಿ ಮೊಗ್ಗು ಇವತ್ತೇ ಕಿತ್ತೇನಿ ಅಂತ ತೋಟದ ಗೌಡ್ರು ಬೈದ್ರು." ಮುಂದುವರಿದು ಹೇಳಿದಳು: "ಮತ್ತ, ನಾ ಯಾರ ಕಡೆ ಮುಖ ತಿರುವಿದ್ರೂ ಅವರು ಕಣ್ಣು ಮುಚ್ಕೋತಾರ. ನನ್ನ ಸಾಲಿಗೆ ಯಾರೂ ಬರವಲ್ರು. ಕೊನೀ ಸಾಲಿನ್ಯಾಗ ನಾ ಒಬ್ಬಾಕಿ. ಮಾತಿಲ್ಲಂದ್ರ ಬುಟ್ಟಿ ತುಂಬೂದಽ ಇಲ್ರಿ."

ಅವನು ಕಿಟಕಿ ಮುಚ್ಚಿದ. ಟಾರ್ಚನ್ನು ಮೇಜಿನ ಮೇಲಿಟ್ಟು ಹೊತ್ತಿಸಿದ.

"ನೋಡವ್ವ, ಸರಿಯಾಗಿ ನೋಡು. ಎಲ್ಲಾದರೂ ದೋಷ ಕಾಣುತ್ತದೇನು?"

ಅವಳು ನೋಡಿದಳು. "ಗ್ವಾಡಿ ಮ್ಯಾಲ ಭಾಳ ಚಂದ ಐತ್ರಿ. ಆದ್ರ ನಾ ಗ್ವಾಡಿ ಮ್ಯಾಗಿನ ಹೂ ಬಿಡಿಸಂಗಿಲ್ಲಲ್ರಿ."

"ನಿನ್ನ ಕಣ್ಣಿಗೆ ಒಳ್ಳೆಯ ಬೆಳಕಿನ ರೂಢಿಯಿಲ್ಲ. ಒಂದು ತಿಂಗಳು ಬಳಸು."

"ಒಂದು ದಿನ ತೋಟಕ್ಕ ಬರ್ರಿ ಮೇಷ್ಟ್ರೇ. ಇದನ್ನ ಕಟ್ಕೊಂಡು ನಮ್ಮ ಹೆಣ್ಮಕ್ಕಳ ಮುಂದ ನಿಂದರ್ರಿ. ಚಾ ನಾನೇ ಕೊಡಸ್ತೀನಿ."

ಯಾರಾದರೂ ಅವನನ್ನು ಎಲ್ಲಿಗಾದರೂ ಕರೆದು ಎಷ್ಟೋ ವರ್ಷಗಳಾಗಿದ್ದವು. ಅವನು ಹೇಳಿದ: "ತೋಟದಲ್ಲಿ ಇಬ್ಬನಿ ಇರುತ್ತದೆ, ಧೂಳು ಇರುತ್ತದೆ. ಅಲ್ಲಿ ಅಳತೆ ಸರಿಯಾಗಿ ಬರುವುದಿಲ್ಲ."

ಅವಳು ಸೆರಗು ಸಿಕ್ಕಿಸಿಕೊಂಡಳು. ಟಾರ್ಚನ್ನು ತೆಗೆದುಕೊಳ್ಳಲಿಲ್ಲ. "ಇರಲಿ ಬಿಡ್ರಿ, ಸಂತ್ಯಾಗ ಇನ್ನೊಂದು ಸಿಗತೈತಿ" ಎಂದು ಮೆಟ್ಟಿಲಿಳಿದಳು.

ಆ ಮಸುಕು ಮುಚ್ಚಳ ಅವನ ಡಬ್ಬಿಯಲ್ಲೇ ಇತ್ತು. ಅವನು ಏನನ್ನೂ ಎಸೆಯುವವನಲ್ಲ. ಎರಡು ಸ್ಕ್ರೂ ಬಿಚ್ಚಿ ಹಾಕಿದರೆ ಸಾಕಿತ್ತು. ಅವಳ ಚಪ್ಪಲಿಯ ಸದ್ದು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಕೇಳಿಸುತ್ತಿತ್ತು, ಕೂಗಿದ್ದರೆ ನಿಲ್ಲುತ್ತಿದ್ದಳು. ಅವನು ಮೀಟರು ಎತ್ತಿಕೊಂಡು ಇನ್ನೊಮ್ಮೆ ಅಳೆದ. ಅಂಕಿ ಅದೇ ಬಂತು.

ಮಳೆಗಾಲ ಹೋಯಿತು. ಅವನು ಅಂಥವೇ ಇನ್ನೂ ನಾಲ್ಕು ಟಾರ್ಚು ಮಾಡಿದ. ಗುಂಪಿನವರು ಮೆಚ್ಚಿದರು. ಒಂದು ಸಂಜೆ ಅವಳು ಬಿಟ್ಟುಹೋದ ಟಾರ್ಚನ್ನು ತಲೆಗೆ ಕಟ್ಟಿಕೊಂಡು ಏನೋ ಹುಡುಕುತ್ತ ತಿರುಗಿದಾಗ ಎದುರಿಗೆ ತಲೆ ಬಾಚುವ ಕನ್ನಡಿ ಬಂತು. ಅವನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು. ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಕನ್ನಡಿಯನ್ನು ಹಿಂದುಮುಂದಾಗಿ ತಿರುಗಿಸಿಟ್ಟ. ಅಂದಿನಿಂದ ಕೈಯಲ್ಲಿ ಸವರಿ ನೋಡಿಕೊಂಡೇ ತಲೆ ಬಾಚುತ್ತಿದ್ದ.

ಗುರುಗಳು ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು.

ಅಡವಯ್ಯ ಯೋಚಿಸಿದ. ಕತೆಯಲ್ಲಿ ಎಲ್ಲೋ ಒಂದು ಲೋಪವಿದೆ ಎಂದು ಅವನಿಗೆ ಅನ್ನಿಸಿತು. "ಗುರುಗಳೇ, ಅವನ ಅಳತೆ ಸರಿಯಾಗಿಯೇ ಇತ್ತಲ್ಲ? ಗಾಜು ಹಾಕಿದ್ದು ತಪ್ಪೋ, ಬೆಳಕನ್ನು ನಾಲ್ಕು ಪಟ್ಟು ಏರಿಸಿದ್ದು ತಪ್ಪೋ? ಎರಡೇ ಪಟ್ಟು ಏರಿಸಿ ಮುಚ್ಚಳವನ್ನು ಹಾಗೇ ಬಿಟ್ಟಿದ್ದರೆ ನಡೆಯುತ್ತಿತ್ತೇ?"

ಗುರುಗಳು ಹೇಳಿದರು: "ಕತೆಯಲ್ಲಿ ಇಬ್ಬರು ಮನುಷ್ಯರಿದ್ದರು ಅಡವಯ್ಯ, ನೀನು ಟಾರ್ಚಿನ ಕ್ಷೇಮ ವಿಚಾರಿಸಿದೆ."