ಜಟ್ಟುವಿನ ದೋಣಿ

ತುಂಬ ಹಿಂದೆ, ಎಷ್ಟು ಹಿಂದೆ ಅಂತ ನನ್ನನ್ನ ಕೇಳ್ಬೇಡಿ, ಕಡಲ ಬದಿಗೆ ಒಂದು ಊರಿತ್ತಂತೆ. ಆ ಊರಲ್ಲಿ ಜಟ್ಟು ಅಂತ ಒಬ್ಬ ಹರಿಕಂತ, ಮೀನು ಹಿಡಿಯೋ ಜನ. ಅವನಿಗೆ ಅಪ್ಪ ಅಮ್ಮ ಇಲ್ಲ, ಹೆಂಡತಿ ಇಲ್ಲ, ಜಗಳಾಡೋಕೆ ಒಬ್ಬ ದಾಯಾದಿ ಕೂಡ ಇಲ್ಲ.

ಒಂದು ವರ್ಷ ಮೀನು ಸಿಗೋದೇ ನಿಂತ್ಹೋಯ್ತು. ಊರೆಲ್ಲ ಕೂತು ಕಟ್ಟು ಮಾಡ್ತು. ಎದುರಿಗೆ ಕಡಲಲ್ಲಿ ಕಲ್ಲುಕುರ್ವೆ ಅಂತ ಒಂದು ಕಲ್ಲಿನ ನಡುಗಡ್ಡೆ, ಅದರ ಸುತ್ತ ಮೀನು ಮೊಟ್ಟೆ ಇಡ್ತವೆ, ಅಲ್ಲಿಂದ ಯಾರೂ ಒಂದು ಮೀನೂ ತರಬಾರ್ದು. ತಂದವನ ದೋಣಿಗೆ ಮಳೆಗಾಲ ಬರೋ ತನಕ ಯಾರೂ ಕೈ ಹಾಕ್ಬಾರ್ದು. ಹತ್ತು ಜನ ನೂಕದೆ ದೋಣಿ ಮರಳು ದಾಟಲ್ಲ, ಗೊತ್ತಲ್ಲ.

ಕುರ್ವೆ ಕಾಯೋರು ಯಾರು? ಒಬ್ಬ ಅಣ್ಣನನ್ನ ಬಿಟ್ಟುಬಿಡ್ತಾನೆ, ಇನ್ನೊಬ್ಬ ಭಾವನನ್ನ. ಜಟ್ಟುಗೆ ಬಿಡೋಕೆ ಯಾರೂ ಇಲ್ಲ. ಅವನನ್ನೇ ಇಟ್ರು.

ಜಟ್ಟು ದಿನಾ ಹೋಗಿ ಕಲ್ಲಿನ ಮೇಲೆ ಕೂರ್ತಿದ್ದ. ಹಾದುಹೋಗೋ ದೋಣಿಯವ್ರು "ಜಟ್ಟೂ, ಉಂಡ್ಯನೋ?" ಅಂತ ಕೂಗ್ತಿದ್ರು. ದಿನದಲ್ಲಿ ಅವನ ಹೆಸರು ಹಿಡಿದು ಯಾರಾದ್ರೂ ಕರೀತಿದ್ದದ್ದು ಅಷ್ಟೇ ಅಂತಾರೆ. ಅದಕ್ಕೇ ಅವನು ಒಂದು ದಿನವೂ ತಪ್ಪಿಸ್ಲಿಲ್ಲ ಅಂತಾರೆ.

ಒಂದಿನ ವಾಪಸ್ ಬರೋವಾಗ ಕುರ್ವೆ ಹತ್ರ ಒಂದು ಮೀನು ತಾನಾಗೇ ಹಾರಿ ಅವನ ಬೆನ್ನ ಹಿಂದೆ ದೋಣಿಯೊಳಗೆ ಬಿತ್ತು. ಅವನಿಗೆ ಗೊತ್ತಾಗಿದ್ದು ದಡಕ್ಕೆ ಬಂದು, ಊರೆಲ್ಲ ಸೇರಿ ದೋಣಿಯನ್ನ ಮರಳ ಮೇಲಕ್ಕೆ ಎಳೆದ ಮೇಲೆ. ಮೀನು ಸತ್ತಿತ್ತು. ಎಲ್ಲರೂ ನಕ್ರು. ಊರ ಯಜಮಾನ ಬೀರಣ್ಣ, ಹಾರಿ ಬಂದಿದ್ದಕ್ಕೆ ನಿನ್ನ ತಪ್ಪೆಂತ ಮಾರಾಯ, ಸಾರು ಮಾಡ್ಕೊಂಡು ಉಣ್ಣು ಅಂದ.

ಜಟ್ಟು ನಗ್ಲಿಲ್ಲ. "ಯಜಮಾನ್ರೆ, ಇವತ್ತು ನನ್ನ ದೋಣಿಗೆ ಹಾರಿದ್ದು ನಾಳೆ ಊರಿನ ಎಲ್ಲ ದೋಣಿಗೂ ಹಾರ್ತದೆ. ಕೈ ತೆಗೀರಿ" ಅಂದ.

ದೋಣಿಗೆ ಕೈ ಕೊಟ್ಟವರೆಲ್ಲ ಕೈ ತೆಗೆದ್ರು.

ಮರುದಿನದಿಂದ ಅವನೊಬ್ಬನೇ ನೂಕೋಕೆ ಶುರು ಮಾಡ್ದ. ದಿನಕ್ಕೆ ಒಂದು ಬೆರಳು ಸರೀತಿತ್ತು ಅಂತಾರೆ. ನನ್ನಜ್ಜ ಒಂದು ಗೇಣು ಅಂತಿದ್ದ, ಅವನು ಎಲ್ಲದರಲ್ಲೂ ಸ್ವಲ್ಪ ಉದಾರಿ. ಒಮ್ಮೆ ಏಡಿ ತೋಡಿದ ಗುಂಡಿಗೆ ಸಿಕ್ಕಿ ಮೂರು ದಿನ ಅಲ್ಲೇ. ಹೆಂಗಸರು ಗಂಜಿ ತಂದಿಡ್ತಿದ್ರು, ಗಂಜಿ ಕೊಡಬಾರ್ದು ಅಂತ ಕಟ್ಟಿನಲ್ಲಿ ಇರ್ಲಿಲ್ಲ. ಗಂಡಸರು ಮಾತ್ರ ಮುಖ ತಪ್ಪಿಸ್ಕೊಂಡು ಹೋಗ್ತಿದ್ರು. ಯಾರೂ ಹೆಸರು ಹಿಡಿದು ಕರೀಲಿಲ್ಲ.

ಕುರ್ವೆ ಕಾಯೋಕೆ ಯಾರೂ ಇರ್ಲಿಲ್ಲ. ಆದ್ರೂ ಯಾರೂ ಅಲ್ಲಿ ಬಲೆ ಬಿಡ್ಲಿಲ್ಲ ಅಂತಾರೆ. ಹತ್ತು ಜನ ಸೇರಿ ತಮ್ಮ ದೋಣಿ ಇಳಿಸೋವಾಗ, ಪಕ್ಕದಲ್ಲಿ ಒಬ್ಬನೇ ಭುಜ ಕೊಟ್ಟು ನಿಂತವನನ್ನ ದಾಟಿ ಹೋಗ್ಬೇಕಿತ್ತಲ್ಲ.

ಕೊನೆಗೆ ಒಂದಿನ ದೋಣಿ ಮೂತಿ ನೀರು ಮುಟ್ತು. ಅದೇ ದಿನ ಮೊದಲ ಮಳೆ. ಶಿಕ್ಷೆ ಮುಗೀತು. ಇಡೀ ಊರು "ಜಟ್ಟೂ, ಜಟ್ಟೂ" ಅಂತ ಓಡಿಬಂದು ದೋಣಿಗೆ ಕೈ ಹಾಕ್ತು. ಮಳೆಗಾಲದಲ್ಲಿ ಕಡಲಿಗೆ ಇಳಿಯೋ ಹಾಗಿಲ್ಲ ನೋಡಿ, ಮತ್ತೆ ಮೇಲಕ್ಕೆ ಎಳೆದಿಟ್ರು.

ಜಟ್ಟು ಮಳೆ ಮುಗಿದ ಮೇಲೆ ಕುರ್ವೆಗೆ ಹೋದ, ಕೂತ, ಮುದುಕನಾದ, ಸತ್ತ. ದೋಣಿಗೆ ವಾರಸುದಾರರಿಲ್ಲ.

ಈಗಲೂ ಮಳೆಗಾಲ ಕಳೆದು ಕಡಲಿಗೆ ಇಳಿಯೋ ದಿನ, ಆ ಊರಲ್ಲಿ ಮೊದಲು ಅವನ ದೋಣಿಯನ್ನ ಎಲ್ಲ ಸೇರಿ ನೂಕ್ತಾರೆ. ಅದರ ಮರ ಮೂರು ಸಲ ಲಡ್ಡಾಗಿ, ಮೂರು ಸಲ ಹೊಸದು ಮಾಡ್ಸಿದಾರೆ. ಒಳಗೆ ಯಾರೂ ಕೂರಲ್ಲ. ನೀರಲ್ಲಿ ಒಂದು ಗಳಿಗೆ ಬಿಟ್ಟು, ಉಂಡ್ಯನೋ ಅಂತ ಕೇಳಿ, ಆಮೇಲೆ ತಮ್ಮ ತಮ್ಮ ದೋಣಿ ಹತ್ರ ಹೋಗ್ತಾರೆ.