ತೊಳೆದು ತಂದ ಕಾರು

ಶಿಷ್ಯ ಕೇಳಿದ: “ಗುರುಗಳೇ, ಮನೆಯಲ್ಲಿ ಮಾತು ಮಾತಿಗೂ ನನಗೆ ಸಿಟ್ಟು ಬರುತ್ತದೆ. ಹೀಗೇ ಆದರೆ ಸಂಸಾರ ಒಡೆದುಹೋಗುತ್ತದೆ ಎಂದು ಭಯವಾಗಿದೆ. ಪ್ರತಿ ಸೋಮವಾರ ಇಲ್ಲಿಗೆ ಬಂದು ನಿಮ್ಮೆದುರು ಕುಳಿತರೆ ಮಾತ್ರ ಆ ಸಿಟ್ಟು ಹುಡುಕಿದರೂ ಸಿಗುವುದಿಲ್ಲ. ಅದು ಇರುವುದಾದರೂ ಎಲ್ಲಿ?”

ಗುರುಗಳು ಹೇಳಿದರು:

ಒಬ್ಬರು ಅಡುಗೆ ಭಟ್ಟರಿದ್ದರು. ಮದುವೆ ಮುಂಜಿಗಳಿಗೆ ಅಡುಗೆ ಮಾಡುವುದು ಅವರ ಕಸುಬು. ಅವರ ಹಳೆಯ ಕಾರಿನ ಹಿಂಭಾಗದಲ್ಲಿ ಒಂದು ದಿನ ಕಟಕಟ ಎಂದು ಸದ್ದು ಶುರುವಾಯಿತು. ಮುಂದಿನ ವಾರ ದೂರದ ಊರಿನ ಮದುವೆಯೊಂದನ್ನು ಒಪ್ಪಿಕೊಂಡಿದ್ದರು. ದಾರಿಯಲ್ಲಿ ಕಾರು ಕೈಕೊಟ್ಟರೆ ಐನೂರು ಜನ ಖಾಲಿ ಎಲೆಯ ಮುಂದೆ ಕೂರಬೇಕು. ಆಮೇಲೆ ಭಟ್ಟರನ್ನು ಯಾರೂ ಕರೆಯುವುದಿಲ್ಲ. ಬೇರೆ ಕಾರು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಪೇಟೆಯ ಮೆಕ್ಯಾನಿಕ್ ಒಬ್ಬ ಓಡಿಸಿ ನೋಡಿದ. ಸದ್ದು ಬರಲಿಲ್ಲ. ಆದರೂ ಗೇರ್‌ಬಾಕ್ಸ್ ಬಿಚ್ಚಬೇಕು ಎಂದ. ಇನ್ನೊಬ್ಬನ ಮುಂದೆಯೂ ಬರಲಿಲ್ಲ. ಅವನು ಎಂಜಿನ್ನನ್ನೇ ಇಳಿಸೋಣ ಎಂದ. ಬಾರದ ಸದ್ದಿಗೆ ಏನು ಬೇಕಾದರೂ ಹೇಳಬಹುದಲ್ಲ! ಅವರು ಹೇಳಿದ ಖರ್ಚು ಕೇಳಿ ಭಟ್ಟರು ತಲೆ ಮೇಲೆ ಕೈ ಹೊತ್ತು ಕುಳಿತರು. ಕೊನೆಗೆ ದಸ್ತಗೀರ್ ಸಾಬರ ಗ್ಯಾರೇಜಿಗೆ ಹೋದರು.

ಸಾಬರು ಹಳೆಯ ಕಾರುಗಳ ಜೊತೆಯಲ್ಲೇ ಮುದುಕರಾದವರು. ಅವರು ಓಡಿಸಿದಾಗಲೂ ಕಾರು ತುಟಿ ಪಿಟಕ್ಕೆನ್ನಲಿಲ್ಲ. ಅವರಿಗೆ ಕುತೂಹಲ ಹುಟ್ಟಿತು. ಏನನ್ನೂ ಬಿಚ್ಚಲಿಲ್ಲ; ಸದ್ದು ಮಾಡಿದ ದಿನ ಕಾರಿನಲ್ಲಿ ಏನೇನಿತ್ತು ಎಂದು ಕೇಳಿದರು. ಕೊಪ್ಪರಿಗೆ, ಒಲೆ, ಜೊತೆಗೆ ಬಡಿಸುವವರು ಮೂವರು ಎಂದರು ಭಟ್ಟರು.

“ಮತ್ತೆ ಇವತ್ತು?”

“ಎಲ್ಲಾ ಇಳಿಸಿ, ತೊಳೆದು ತಂದಿದೀನಿ ಸಾಬ್ರೇ. ಮಸಿ ಪಾತ್ರೆ ಸಮೇತ ನಿಮ್ಮ ಮುಂದೆ ತಂದು ನಿಲ್ಲಿಸೋಕಾಗುತ್ತಾ?”

“ನಾನೇನು ಹೆಣ್ಣು ನೋಡೋಕೆ ಕೂತಿದೀನಾ ಭಟ್ರೇ? ಹೇಗಿದ್ದಾಗ ಸದ್ದು ಮಾಡ್ತೋ ಹಾಗೇ ತನ್ನಿ.”

ಭಟ್ಟರಿಗೆ ನಾಚಿಕೆಯಾಯಿತು. ಮರುದಿನ ಪಾತ್ರೆ ಪಡಗ ತುಂಬಿ, ಬಡಿಸುವವರನ್ನೂ ಕೂರಿಸಿಕೊಂಡು ಬಂದರು. ಗ್ಯಾರೇಜಿನ ಬಾಗಿಲಲ್ಲೇ ಕಾರು ಕಟಕಟ ಎಂದಿತು. ಸಾಬರು ನೆಲದ ಮೇಲೆ ಮಲಗಿ ಕಾರಿನ ಅಡಿಗೆ ಕಣ್ಣು ಹಾಯಿಸಿದರು. ಸೈಲೆನ್ಸರ್ ಕೊಳವೆಯನ್ನು ಎತ್ತಿ ಹಿಡಿಯುವ ರಬ್ಬರು ಹರಿದಿತ್ತು. ಭಾರಕ್ಕೆ ಕಾರು ತಗ್ಗಿದಾಗ ಕೊಳವೆ ಹಿಂದಿನ ಚಕ್ರಗಳ ಅಚ್ಚಿಗೆ ಬಡಿಯುತ್ತಿತ್ತು. ಕಾರು ಖಾಲಿಯಿದ್ದಾಗ ತಾಗುತ್ತಿರಲಿಲ್ಲ. ಸಾಬರು ಬೇರೊಂದು ಕಾರಿನಿಂದ ಬಿಚ್ಚಿಟ್ಟಿದ್ದ ರಬ್ಬರು ಹಾಕಿದರು. ಒಂದು ಊಟದ ದುಡ್ಡಿನಲ್ಲಿ ಕೆಲಸ ಮುಗಿಯಿತು. ಮದುವೆಯ ಅಡುಗೆಯೂ ಹೊತ್ತಿಗೆ ಸರಿಯಾಗಿ ಆಯಿತು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಎಂಥ ಪೆದ್ದು ಭಟ್ಟರು ಎಂದ. ಆಮೇಲೆ ತನ್ನ ಪ್ರಶ್ನೆ ನೆನಪಾಗಿ, ಸಿಟ್ಟಿಗೆ ಏನು ಮಾಡಬೇಕೆಂದು ಮತ್ತೆ ಕೇಳಿದ.

ಗುರುಗಳು ಹೇಳಿದರು: “ಮುಂದಿನ ಸೋಮವಾರ ಒಬ್ಬನೇ ಬರಬೇಡ, ಮನೆಯವರನ್ನೆಲ್ಲ ಕರೆದುಕೊಂಡು ಬಾ.”