ರಾಜನ ಸಹಿ ಒಂದು ಬಾಕಿ

ಹೂಂಗುಡುವವರಿದ್ದರೆ ಹೇಳ್ತೀನಿ. ನಡುವೆ ತೂಕಡಿಸಿದಿರೋ, ಮಾಯಿಗ ಬಂದು ನಿಮ್ಮ ಕೊರಳಿಗೂ ಬೆಲ್ಟು ಹಾಕಿಯಾನು. ಆಮೇಲೆ ನನ್ನನ್ನು ಬೈಯಬಾರದು.

ನಮ್ಮ ಹೊಂಗೆತೋಪು ಬಡಾವಣೆಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು. ನಾಲ್ಕು ಮನೆ ಮುಸುರೆ ತಿಕ್ಕಿ ಬದುಕು ಮಾಡಿದವಳು. ಅವಳಿಗೊಬ್ಬನೇ ಮಗ, ಈ ಮಾಯಿಗ. ವಯಸ್ಸು ಮೂವತ್ತು. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಕಷ್ಟ. ಅಕ್ಕಿ ಚೆನ್ನಾಗಿ ತೊಳೆದಿಡು ಅಂದರೆ ಸೋಪು ಹಾಕಿ ತೊಳೆದಿಟ್ಟ. ಸಾಲದ್ದಕ್ಕೆ ಕಂಡದ್ದಕ್ಕೆಲ್ಲ ಯಾಕೆ, ಹೇಗೆ ಅನ್ನುವ ಕುತೂಹಲ ಬೇರೆ.

"ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರಪ್ಪಾ ದಿಕ್ಕು?" ಪುಟ್ಟತಾಯಮ್ಮನಿಗೆ ಅದೊಂದೇ ಚಿಂತೆ.

ಬಡಾವಣೆಗೊಂದು ಪಾರ್ಕು. ಬೆಳಿಗ್ಗೆ ಆರರಿಂದ ಎಂಟರ ತನಕ ಅಲ್ಲಿ ನಾಯಿ ಸಾಕಿದವರ ದರ್ಬಾರು. ಅವರಲ್ಲೊಂದು ಪದ್ಧತಿ, ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ನಾಯಿಯ ಹೆಸರಿನ ಮೇಲೆ ಸ್ವೀಟಿ ಅಪ್ಪ, ಬ್ರೂನೋ ಅಮ್ಮ, ಹೀಗೆ. ಪುಟ್ಟತಾಯಮ್ಮ ಕೆಲಸಕ್ಕೆ ಹೋಗುವ ಮನೆಯ ವಿಶಾಲಾಕ್ಷಿ ಟೀಚರು, ರಿಟೈರಾದವರು, ಅಲ್ಲಿ ರಾಜನ ಅಮ್ಮ. ನಾಯಿಯವರ ಸಂಘಕ್ಕೆ ಅವರೇ ಅಧ್ಯಕ್ಷೆ. ಪುಟ್ಟತಾಯಮ್ಮ ಅವರನ್ನು ಕಾಡಿ ಬೇಡಿ ಮಗನಿಗೆ ಪಾರ್ಕಿನ ಗೇಟು ಕಾಯುವ ಕೆಲಸ ಕೊಡಿಸಿದಳು.

"ನೋಡು ಪುಟ್ಟತಾಯಿ," ಅಂದರು ಟೀಚರು, "ವಾಕಿಂಗಿನವರು ಪಾರ್ಕಿಗೆ ನಾಯಿ ಬರಲೇಬಾರದು ಅಂತ ಅರ್ಜಿ ಕೊಟ್ಟಿದ್ದಾರೆ. ಭಾನುವಾರ ಮುನಿಸಿಪಾಲಿಟಿ ಸಾಹೇಬರು ನೋಡೋಕೆ ಬರ್ತಾರೆ. ನಾಯಿ ಇದ್ದರೆ ಇವನ ಕೆಲಸ. ನಾಯಿಗೆ ಗೇಟು ಹಾಕಿದರೆ ಇವನಿಗೂ ಹಾಕಿದ ಹಾಗೆ."

ಬುಧವಾರ ಮೊದಲ ದಿನ. ಸ್ವೀಟಿ ಅಪ್ಪ ಬಂದು ಮಾಯಿಗನ ಕೈಗೆ ಚೈನು ಕೊಟ್ಟು, "ಒಂದು ಫೋನ್ ಮಾಡಿ ಬರ್ತೀನಿ. ಗಟ್ಟಿಯಾಗಿ ಹಿಡ್ಕೋ, ಏನೇ ಆದ್ರೂ ಚೈನು ಬಿಡಬೇಡ" ಅಂದ. ಸ್ವೀಟಿಗೆ ಅಳಿಲು ಕಂಡಿತು. ಬೆಲ್ಟಿನಿಂದ ಕತ್ತು ಜಾರಿಸಿಕೊಂಡು ಒಂದೇ ಓಟ. ಮಾಯಿಗ ಚೈನು ಹಿಡಿದು ನಿಂತೇ ಇದ್ದ. ಇಷ್ಟು ಸಣ್ಣ ಬೆಲ್ಟಿನಲ್ಲಿ ಅಷ್ಟು ದೊಡ್ಡ ತಲೆ ಹೇಗೆ ನುಸುಳಿತು ಅಂತ ಒಳಗೆ ಕಣ್ಣಿಟ್ಟು ನೋಡಿದ.

"ನಾಯಿ ಎಲ್ಲೋ?"

"ಅದು ಗೊತ್ತಿಲ್ಲ ಸ್ವಾಮಿ. ಚೈನು ಮಾತ್ರ ಬಿಟ್ಟಿಲ್ಲ."

ಪುಣ್ಯಕ್ಕೆ ಸ್ವೀಟಿ ತಾನಾಗೇ ಮನೆ ಸೇರಿತ್ತು. ಅವ್ವ ಹಣೆ ಚಚ್ಚಿಕೊಂಡಳು. "ನಾಯಿ ಹೋದ ಮೇಲೆ ಚೈನು ಇಟ್ಕೊಂಡು ಏನ್ ಮಾಡ್ತೀಯೋ? ನಾಯಿ ಹಿಂದೇನೇ ಹೋಗಬೇಕಿತ್ತು. ಅದು ಎಲ್ಲಿಗೆ ಹೋದ್ರೆ ಅಲ್ಲಿಗೆ."

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಗುರುವಾರ ಬ್ರೂನೋ ಪಾರ್ಕು ಸುತ್ತಿ, ಅಮ್ಮನ ಜೊತೆ ಮನೆಗೆ ಹೊರಟಿತು. ಮಾಯಿಗನೂ ಹಿಂದೆ ಹೊರಟ. ಬ್ರೂನೋ ಒಳಗೆ ಹೋಯಿತು, ಇವನೂ ಹೋದ. ಬ್ರೂನೋ ಮಂಚದ ಕೆಳಗೆ ನುಗ್ಗಿತು, ಇವನೂ ನುಗ್ಗಿದ. ಬ್ರೂನೋ ಅಮ್ಮ ಕಸ ಗುಡಿಸಲು ಬಗ್ಗಿ ನೋಡಿದರೆ ಮಂಚದ ಕೆಳಗೆ ಎರಡು ಜೊತೆ ಕಣ್ಣು. ಆಯಮ್ಮ ಕೂಗಿಕೊಂಡದ್ದು ಮೂರು ಬೀದಿಗೆ ಕೇಳಿತು. ಇತ್ತ ತೆರೆದ ಗೇಟಿನಿಂದ ನಾಲ್ಕು ಹಸು ಒಳಗೆ ಬಂದು ದಾಸವಾಳದ ಗಿಡವನ್ನೆಲ್ಲ ಮೇಯ್ದು ಹೋದವು.

"ಗೇಟು ಬಿಟ್ಟು ಹೋಗ್ತಾರೇನೋ, ದಡ್ಡ ಮುಂಡೇದೆ," ಅಂದಳು ಅವ್ವ. "ಗೇಟಲ್ಲೇ ನಿಂತ್ಕೋ. ಬಂದವರನ್ನೆಲ್ಲ ಹುಚ್ಚುನಾಯಿ ಇಂಜೆಕ್ಷನ್ ಆಗಿದೆಯಾ ಅಂತ ಕೇಳು. ಆಗಿಲ್ಲ ಅಂದ್ರೆ ಒಳಗೆ ಬಿಡಬೇಡ. ಟೀಚರಮ್ಮ ಹೇಳವ್ರೆ."

"ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಶುಕ್ರವಾರ ಎಲ್ಲರಿಗಿಂತ ಮೊದಲು ಬಂದವರು ಯಾರು ಅಂತೀರಿ? ನರಹರಿ ರಾಯರು. ವಾಕಿಂಗಿನವರ ಮುಖಂಡರು, ಅರ್ಜಿ ಬರೆದವರೂ ಅವರೇ.

"ಸ್ವಾಮಿ, ಹುಚ್ಚುನಾಯಿ ಇಂಜೆಕ್ಷನ್ ಆಗಿದೆಯಾ?"

"ಯಾರಿಗೋ?"

"ನಿಮಗೇ. ಆಗಿಲ್ಲ ಅಂದ್ರೆ ಒಳಗೆ ಬಿಡಕ್ಕಾಗಲ್ಲ. ಯಾರಿಗಾದ್ರೂ ಕಚ್ಚಿಬಿಟ್ರೆ?"

ರಾಯರು ಸಿಟ್ಟಿನಿಂದ ಹಲ್ಲು ಕಡಿದರು. "ನೋಡಿ, ಹಲ್ಲು ಬೇರೆ ತೋರಿಸ್ತಿದ್ದೀರಿ," ಅಂತ ಮಾಯಿಗ ಗೇಟು ಎಳೆದುಕೊಂಡ.

ಈ ಸಲ ಟೀಚರೇ ಬಂದು ಬೈದರು. "ಹಿರಿಯರನ್ನ ಹಾಗೆ ಕೇಳ್ತಾರೇನೋ? ನಾಡಿದ್ದು ಸಾಹೇಬರು ಬರೋ ದಿನವಾದರೂ ಮರ್ಯಾದೆ ಕಲಿ. ಬಂದವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರೋ ಅವರಿಗೆ ಕುರ್ಚಿ ಹಾಕಬೇಕು, ಹಾರ ಹಾಕಬೇಕು, ಕಾಫಿ ಕೊಡಬೇಕು. ತಿಳೀತಾ?"

"ತಿಳೀತು ಟೀಚರಮ್ಮ."

ತಿಳಿದದ್ದು ಅಷ್ಟರಲ್ಲೇ ಇತ್ತು. ಯಾರು ದೊಡ್ಡವರು ಅಂತ ಗೊತ್ತಾಗೋದು ಹೇಗೆ? ಶನಿವಾರ ಬಂದವರನ್ನೆಲ್ಲ ನಿಲ್ಲಿಸಿ ವಯಸ್ಸು ಕೇಳಿದ. ರಾಯರಿಗೆ ಎಪ್ಪತ್ತೊಂದು. ಟೀಚರಿಗೆ ಅರವತ್ತಾರು. ಬ್ರೂನೋ ಅಮ್ಮ ತಮ್ಮದು ಹೇಳಲಿಲ್ಲ, ನಕ್ಕು ಹೇಳಿದರು. "ಪಾರ್ಕಿಗೆಲ್ಲ ದೊಡ್ಡವನು ರಾಜ ಕಣೋ. ಹದಿನಾಲ್ಕು ವರ್ಷ. ನಾಯೀದು ಒಂದು ವರ್ಷ ಅಂದ್ರೆ ನಮ್ಮ ಏಳು ವರ್ಷ. ತೊಂಬತ್ತೆಂಟಾಯ್ತು ನೋಡು." ಅಮ್ಮನಿಗೆ ಅರವತ್ತಾರು, ಮಗನಿಗೆ ತೊಂಬತ್ತೆಂಟು. ಇದು ಹೇಗೆ ಅಂತ ಯೋಚಿಸಿ ಯೋಚಿಸಿ ಮಾಯಿಗನಿಗೆ ಅನ್ನ ಸೇರಲಿಲ್ಲ.

ಭಾನುವಾರ ಸಾಹೇಬರು ಜೀಪಿನಿಂದ ಇಳಿದರು. ಆ ಕಡೆ ನಾಯಿಯವರು, ಈ ಕಡೆ ವಾಕಿಂಗಿನವರು, ನಡುವೆ ಒಂದೇ ಒಂದು ಕುರ್ಚಿ. ಸಾಹೇಬರು ಕೂರಲು ಹೋದರು.

"ಸ್ವಾಮಿ, ನಿಮಗೆಷ್ಟು ವಯಸ್ಸು?"

"ಐವತ್ತಾರು. ಯಾಕಪ್ಪಾ?"

"ಹಂಗಾದ್ರೆ ನಿಂತ್ಕೊಳ್ಳಿ."

ಅಂದವನೇ ರಾಜನನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದ. ಕೊರಳಿಗೆ ಹಾರ ಹಾಕಿದ. ಕಾಫಿಯನ್ನು ಸಾಸರಿಗೆ ಬಗ್ಗಿಸಿ ಆರಿಸಿ ಮುಂದಿಟ್ಟ. ರಾಜ ಚಪ್ಪರಿಸಿಕೊಂಡು ನೆಕ್ಕಿತು. ಟೀಚರಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಸಾಹೇಬರ ಮುಖ ಕೆಂಡವಾಯಿತು. ಜೀಪಿನಿಂದ ಬೋರ್ಡು ತರಿಸಿದರು. 'ನಾಯಿಗಳಿಗೆ ಪ್ರವೇಶವಿಲ್ಲ.' ಅದನ್ನು ಮಾಯಿಗನ ಕೈಗೇ ಕೊಟ್ಟು, ಎಲ್ಲರೂ ಕೇಳುವ ಹಾಗೆ ಹೇಳಿದರು: "ನಾಳೆ ನಮಗೆ ಗೊತ್ತೇ ಇರಲಿಲ್ಲ ಅಂತ ಯಾರೂ ತಕರಾರು ತೆಗೀಬಾರದು. ಇದು ಯಾರಿಗೆ ಸಂಬಂಧಪಟ್ಟಿದೆಯೋ ಅವರಿಗೆಲ್ಲ ತೋರಿಸಿ ಸಹಿ ಹಾಕಿಸು. ಒಂದೇ ಒಂದು ಸಹಿ ಕಮ್ಮಿ ಇದ್ದರೂ ಆರ್ಡರು ಜಾರಿ ಆಗಲ್ಲ. ಎಂಟು ದಿನ ಬಿಟ್ಟು ಬಂದು ಗೇಟಿಗೆ ಹೊಡೆಸ್ತೀನಿ."

ಅವತ್ತು ಪುಟ್ಟತಾಯಮ್ಮ ಬೈಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಹೋಗಿದ್ದು ಹೋಯ್ತು ಮಗಾ. ಇದೊಂದನ್ನಾದ್ರೂ ಸಾಹೇಬರು ಹೇಳಿದ ಹಂಗೇ ಮಾಡು. ಒಂದಿಷ್ಟೂ ಹೆಚ್ಚು ಕಮ್ಮಿ ಮಾಡಬೇಡ."

"ಆಯ್ತವ್ವ. ಅಳಬೇಡ."

ಸೋಮವಾರ ಮಾಯಿಗ ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅಕ್ಷರ ಕೂಡಿಸಿ ಓದಿದ. ಯಾರಿಗೆ ಸಂಬಂಧಪಟ್ಟಿದ್ದು? ನಾಯಿಗಳಿಗೆ ಅಂತ ಬರೆದಿದೆಯಲ್ಲ, ಕೇಳೋದೇನು ಬಂತು. ಪಾರ್ಕಿನೊಳಗೆ ಹೊಂಗೆಮರದ ಬುಡಕ್ಕೆ, ನಾಯಿ ಕಣ್ಣಿಗೆ ಸರಿಯಾಗಿ ನಿಲ್ಲುವ ಹಾಗೆ ಅದನ್ನು ನೆಟ್ಟ. ಬಂದ ಒಂದೊಂದು ನಾಯಿಯನ್ನೂ ಕರೆದ.

"ಬಾರಪ್ಪ ಬ್ರೂನೋ, ಇದನ್ನ ಓದ್ಕೊಂಡು ಹೋಗು."

ಬ್ರೂನೋ ಈ ಕೊನೆಯಿಂದ ಆ ಕೊನೆಯವರೆಗೂ ಮೂಸಿತು. ಒಂದಕ್ಷರ ಬಿಡಲಿಲ್ಲ. ಆಮೇಲೆ ಹಿಂಗಾಲು ಎತ್ತಿತು. ಮಾಯಿಗನಿಗೆ ಆಶ್ಚರ್ಯವೋ ಆಶ್ಚರ್ಯ. ಇದು ಸಹಿ ಹಾಕೋದನ್ನ ಯಾವಾಗ ಕಲೀತು? ಹಿಂದೆ ಬಂದ ಟೈಗರ್ ಬ್ರೂನೋ ಸಹಿಯನ್ನು ಮೂಸಿ ನೋಡಿ, ಅದರ ಪಕ್ಕಕ್ಕೇ ತಾನೂ ಹಾಕಿತು. ಸ್ವೀಟಿ ಹೆಣ್ಣುಮಗಳು, ಕೂತು ಹಾಕಿತು.

ಎಂಟು ದಿನ ಕಳೆದು ಸಾಹೇಬರು ಸುತ್ತಿಗೆ ಮೊಳೆ ಸಮೇತ ಬಂದರು. ಬಡಾವಣೆಯೇ ನೆರೆಯಿತು. ಪುಟ್ಟತಾಯಮ್ಮ ಗೇಟಿನ ಕಂಬಿ ಹಿಡಿದು ನಿಂತಳು.

"ಸಹಿ ಎಲ್ಲಪ್ಪಾ?"

"ಬೋರ್ಡಿನ ಮೇಲೇ ಇದೆ ಸ್ವಾಮಿ. ಹದಿನೇಳು. ಕೆಲವರು ಎರಡೆರಡು ಸಲ ಹಾಕವ್ರೆ."

ಸಾಹೇಬರು ಕನ್ನಡಕ ಏರಿಸಿ ನೋಡಿದರು. ಏನೂ ಕಾಣಲಿಲ್ಲ. ಬೆರಳಿನಿಂದ ಸವರಿದರು. ಬೆರಳನ್ನು ಮೂಗಿನ ಹತ್ತಿರ ತಂದರು. ಅವರ ಮುಖ ನೋಡಿ ನರಹರಿ ರಾಯರೇ ಮೊದಲು ನಕ್ಕರು.

"ಆದ್ರೆ ಹದಿನೆಂಟನೇದು ಬಾಕಿ," ಅಂದ ಮಾಯಿಗ ಮುಖ ಸಣ್ಣದು ಮಾಡಿಕೊಂಡು. "ರಾಜಂದು. ದಿನಾ ಬರ್ತಾನೆ, ಓದ್ತಾನೆ, ಮಲಗ್ತಾನೆ. ವಯಸ್ಸಾಗಿದೆ, ಕಾಲೆತ್ತಿದರೆ ಬಿದ್ದುಬಿಡ್ತಾನೆ. ಒಂದು ಸಹಿ ಕಮ್ಮಿ ಇದ್ರೂ ಜಾರಿ ಆಗಲ್ಲ ಅಂತ ನೀವೇ ಹೇಳಿದ್ರಲ್ಲ ಸ್ವಾಮಿ, ಏನ್ ಮಾಡ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಜನರ ಎದುರು ಆಡಿದ ಮಾತು. ಸಾಹೇಬರು ನಲ್ಲಿಯಲ್ಲಿ ಮೂರು ಸಲ ಕೈ ತೊಳೆದರು. "ಆ ಸಹಿ ಬಿದ್ದ ಮೇಲೆ ಹೇಳಿಕಳಿಸು," ಅಂತ ಜೀಪು ಹತ್ತಿದರು. ಅವರೂ ನಗುತ್ತಿದ್ದರು ಅಂತ ಡ್ರೈವರು ಆಮೇಲೆ ಹೇಳಿದ.

ಅವತ್ತಿನಿಂದ ನಾಯಿಗಳೂ ಬರುತ್ತಿವೆ, ಮಾಯಿಗನ ಕೆಲಸವೂ ಉಳಿದಿದೆ. ಆದರೆ ಹೇಳಿದ ಕೆಲಸ ಅರ್ಧಕ್ಕೆ ನಿಂತಿದೆಯಲ್ಲ ಅಂತ ಅವನಿಗೆ ಕೊರಗು. ದಿನಾ ಬೆಳಿಗ್ಗೆ ರಾಜನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ತಾನೇ ಅದರ ಹಿಂಗಾಲು ಎತ್ತಿ ಹಿಡಿದು, "ಹಾಕಪ್ಪಾ, ಒಂದೇ ಒಂದು ಸಹಿ," ಅಂತ ಗೋಗರೆಯುತ್ತಾನೆ. ಅರ್ಧ ಗಂಟೆ ಹಿಡಿದರೂ ಒಂದು ತೊಟ್ಟು ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ ಅಂತ ಬಗ್ಗಿ ಬಗ್ಗಿ ನೋಡುತ್ತಾನೆ.

ಹೇಗೆ ಬಿದ್ದೀತು? ರಾಜ ಪಾರ್ಕಿಗೆ ಹೊರಡುವ ಮೊದಲೇ ಪುಟ್ಟತಾಯಮ್ಮ ಅದನ್ನು ಟೀಚರ ಹಿತ್ತಲಿಗೆ ಎರಡು ಸಲ ಕರೆದುಕೊಂಡು ಹೋಗಿ ಬಂದಿರುತ್ತಾಳೆ.